ಟ್ರಕ್ಕಿಗೆ ಚೈನು ಕಟ್ಟಿದ ಚಳಿಗಾಲ

ಮಿಷಿಗನ್ ರಾಜ್ಯದ ಫಾರ್ಮಿಂಗ್ಟನ್ ಹಿಲ್ಸ್‌ನ ಆ ಗಲ್ಲಿಯಲ್ಲಿ ಇದ್ದದ್ದು ಕೆಲವೇ ಮನೆಗಳು. ರಸ್ತೆ ಸಿಟಿಯದಲ್ಲ, ಆ ಮನೆಗಳವರದೇ. ದೊಡ್ಡ ರಸ್ತೆಯಿಂದ ಒಳಗೆ ತಿರುಗಿದ ಕೂಡಲೇ ಏರು, ಏರಿನ ನಡುವೆ ಒಂದು ತಿರುವು, ತಿರುವು ದಾಟಿ ತುದಿಗೆ ಹೋದರೆ ಸ್ವರೂಪಾಳ ಮನೆ. ಬೇಸಿಗೆಯಲ್ಲಿ ಬಂದವರೆಲ್ಲ ಎಂಥ ಚೆಂದದ ಜಾಗ ಎನ್ನುತ್ತಿದ್ದರು. ಚಳಿಗಾಲದಲ್ಲಿ ಬಂದವರು ಕೆಳಗೇ ಕಾರು ನಿಲ್ಲಿಸಿ ಫೋನು ಮಾಡುತ್ತಿದ್ದರು. ಸಿಟಿಯ ಹಿಮ ತಳ್ಳುವ ಗಾಡಿಗಳು ದೊಡ್ಡ ರಸ್ತೆಯಲ್ಲೇ ಓಡಾಡಿ, ಹೋಗುವಾಗ ಗಲ್ಲಿಯ ಬಾಯಿಗೆ ಇಷ್ಟೆತ್ತರ ಹಿಮ ಪೇರಿಸಿಟ್ಟು ಹೋಗುತ್ತಿದ್ದವು. ಮಿಕ್ಕದ್ದೆಲ್ಲ ರಾಚಯ್ಯನ ಪಾಲು.

ರಾಚಯ್ಯ ಸ್ವರೂಪಾಳ ಗಂಡ. ಡಿಯರ್‌ಬಾರ್ನ್‌ನಲ್ಲಿ ಬ್ರೇಕು ಪರೀಕ್ಷಿಸುವ ಲ್ಯಾಬಿನಲ್ಲಿ ಎಂಜಿನಿಯರ್ ಆಗಿದ್ದವನು. ಜೊತೆಯ ಕೆಲಸಗಾರನೊಬ್ಬ ನಿವೃತ್ತಿಯಾಗಿ ಫ್ಲಾರಿಡಾಕ್ಕೆ ಹೊರಟಾಗ, ಅವನ ಹಳೆಯ ಕೆಂಪು ಟ್ರಕ್ಕನ್ನು, ಮುಂದೆ ಕಟ್ಟಿದ್ದ ಪ್ಲೋ, ಅಂದರೆ ಹಿಮ ತಳ್ಳುವ ಕಬ್ಬಿಣದ ಹಲಗೆಯ ಸಮೇತ, ಮನೆಗೆ ತಂದು ನಿಲ್ಲಿಸಿದ್ದ. ಆಗ ಸ್ವರೂಪಾ ಮೂಗು ಮುರಿದಿದ್ದಳು. ಆದರೆ ಹಿಮ ಬಿದ್ದ ಬೆಳಗ್ಗೆ ಅವನು ಅದರ ಮೇಲೆ ಏರಿ ಕೂತು ಗಲ್ಲಿಯುದ್ದಕ್ಕೂ ಹಿಮ ತಳ್ಳಿ ಬರುವುದನ್ನು ಕಿಟಕಿಯಿಂದ ನೋಡಿದ ಮೇಲೆ ಏನೂ ಅನ್ನಲಿಲ್ಲ. ಲ್ಯಾಬಿನ ಕೆಲಸಕ್ಕೆ ಅವನಿಗೆ ಶಹಬ್ಬಾಸ್ ಎಂದವರು ಕಡಿಮೆ. ಇಲ್ಲಿ ಪ್ರತಿ ಮನೆಯ ಬಾಗಿಲೂ ತೆರೆದು ಯಾರಾದರೊಬ್ಬರು ಕೈ ಎತ್ತುತ್ತಿದ್ದರು. ಅವನು ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಕ್ರಿಸ್‌ಮಸ್ಸಿಗೆ ಕುಕೀಸು ಬರುತ್ತಿದ್ದವು, ಅಷ್ಟೆ.

ಹಿಂದಿನ ವರ್ಷ ಅಕ್ಟೋಬರಿನಲ್ಲಿ, ಹಲ್ಲುಜ್ಜುತ್ತ ನಿಂತಿದ್ದ ರಾಚಯ್ಯ ಹಾಗೇ ಕುಸಿದ. ಪಾರ್ಶ್ವವಾಯು. ಬಲಗೈ, ಬಲಗಾಲು ಸೋತವು. ಮಾತು ನಿಂತೇ ಹೋಯಿತು. ವಾರಗಳ ಮೇಲೆ ಮಾತು ತಿರುಗಿ ಬಂದಾಗ ಇಂಗ್ಲಿಷು ಬರಲಿಲ್ಲ. ಮೂವತ್ತು ವರ್ಷ ಮೀಟಿಂಗುಗಳಲ್ಲಿ ಆಡಿದ್ದ ಭಾಷೆ ಗುರುತಿಲ್ಲದಂತೆ ಹೋಗಿ, ರಾಣೆಬೆನ್ನೂರಿನ ಓಣಿಯಲ್ಲಿ ಆಡಿ ಬೆಳೆದ ಕನ್ನಡ ಮಾತ್ರ ಬಂತು, ಅದೂ ಅಡ್ಡಾದಿಡ್ಡಿ. ಟ್ರಕ್ಕಿಗೆ ಚಕ್ಕಡಿ ಎನ್ನುತ್ತಿದ್ದ. ಮಾತ್ರೆಗೆ ಶೇಂಗಾ. ವಾಕರ್ ಹಿಡಿದು ನಡೆಯುವಾಗ ಅದನ್ನು ಆಡು ಎಂದು ಕರೆದು ಬೈಯುತ್ತಿದ್ದ. ಹೆಂಡತಿಯನ್ನು ಎಷ್ಟೋ ಸಲ ತೀರಿಹೋದ ಅಕ್ಕ ಗಂಗವ್ವನ ಹೆಸರಿನಿಂದ ಕರೆಯುತ್ತಿದ್ದ. ಮೊದಮೊದಲು ಸ್ವರೂಪಾ ತಿದ್ದುತ್ತಿದ್ದಳು. ಆಮೇಲೆ ಬಿಟ್ಟಳು.

ಅವಳು ಆಸ್ಪತ್ರೆಯೊಂದರಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದಳು. ಗಂಡ ಬಿದ್ದ ಮೇಲೆ ಮಧ್ಯಾಹ್ನದ ಪಾಳಿಯನ್ನಷ್ಟೇ ಇಟ್ಟುಕೊಂಡಳು. ಆ ಹೊತ್ತಿಗೆ ಅವನನ್ನು ನೋಡಿಕೊಳ್ಳಲು ಒಬ್ಬ ಹೆಂಗಸು ಬರುತ್ತಿದ್ದಳು. ಬೆಳಗ್ಗೆ ವಾರಕ್ಕೆ ಮೂರು ದಿನ ವ್ಯಾನು ಬಂದು ಅವನನ್ನು ಥೆರಪಿಗೆ ಕರೆದೊಯ್ಯುತ್ತಿತ್ತು.

ಆ ವರ್ಷ ಗಲ್ಲಿಯವರೆಲ್ಲ ಸೇರಿ ಹಿಮ ತಳ್ಳಲು ಒಬ್ಬ ಕಂಟ್ರಾಕ್ಟರನ್ನು ಗೊತ್ತು ಮಾಡಿದರು. ಅವನಿಗೆ ಮೊದಲು ಹಿಮ ತೆಗೆಯಬೇಕಾದ ಶಾಪಿಂಗ್ ಮಾಲುಗಳ ದೊಡ್ಡ ದೊಡ್ಡ ಪಾರ್ಕಿಂಗ್ ಲಾಟುಗಳಿದ್ದವು. ಅವೆಲ್ಲ ಮುಗಿದ ಮೇಲೆ ಈ ಗಲ್ಲಿ. ಅವನು ಬರುವಷ್ಟರಲ್ಲಿ ಮಧ್ಯಾಹ್ನ. ಹಿಮ ತುಂಬಿದ ಏರು ಹತ್ತಬಾರದೆಂದು ವ್ಯಾನಿನವರಿಗೆ ಕಟ್ಟಪ್ಪಣೆಯಿತ್ತು. ಡ್ರೈವರ್ ಕೆಳಗೆ ನಿಂತು, "ಸಾರಿ ಮ್ಯಾಮ್, ಇವತ್ತೂ ಆಗಲ್ಲ" ಎಂದು ಫೋನು ಮಾಡಿ ತಿರುಗಿ ಹೋಗುತ್ತಿದ್ದ. ಜನವರಿ ಹಾಗೇ ಹೋಯಿತು, ಫೆಬ್ರವರಿಯ ಅರ್ಧವೂ ಹೋಯಿತು. ಬಲಗೈಯ ಬೆರಳುಗಳು ಆಗಷ್ಟೇ ಮಡಚಲು ಶುರುಮಾಡಿದ್ದವು, ಮತ್ತೆ ಸೆಟೆದುಕೊಂಡವು. ಥೆರಪಿಸ್ಟು ಯಾರನ್ನೂ ದೂರಲಿಲ್ಲ, ಮತ್ತೆ ಮೊದಲಿನಿಂದ ಶುರು ಮಾಡೋಣ ಎಂದಳು. ಆ "ಮೊದಲಿನಿಂದ" ಎಂಬ ಮಾತು ಸ್ವರೂಪಾಳ ಎದೆಯಲ್ಲಿ ನಾಟಿಕೊಂಡಿತು.

ಅದಕ್ಕೇ ಈ ವರ್ಷ ನವೆಂಬರ್ ಹುಟ್ಟಿದ ಕೂಡಲೇ ಅವಳು ಟ್ರಕ್ಕಿನ ಮೇಲಿನ ಹೊದಿಕೆ ತೆಗೆದಳು. ವಿಷಯ ಕೇಳಿ ಮಗಳು ತನಿಷಾ ವೆಸ್ಟ್‌ಮಂಟ್‌ನಿಂದ ಫೋನು ಮಾಡಿದಳು. ಷಿಕಾಗೋದ ಆ ಕಡೆ ಅವಳದೊಂದು ಮನೆ, ಕೆಲಸ, ಎರಡು ಚಿಕ್ಕ ಮಕ್ಕಳು.

"ಅಮ್ಮಾ, ಆರ್ ಯು ಸೀರಿಯಸ್? ಯೂ ಆರ್ ಗೋಯಿಂಗ್ ಟು ಪ್ಲೋ?"

"ಮತ್ತ್ಯಾರು ಮಾಡ್ತಾರ?"

"ಹೈರ್ ಸಮ್‌ಬಡಿ ಎಲ್ಸ್."

"ಕೇಳಿ ನೋಡೇನಿ. ಈ ಏರು ನೋಡಿ ಎಲ್ಲಾರೂ ಒಲ್ಲೆ ಅಂತಾರ."

"ದೆನ್ ಮೂವ್ ಹಿಯರ್! ಹೌ ಮೆನಿ ಟೈಮ್ಸ್ ಡು ಐ ಸೇ ಇಟ್?"

"ನಿಮ್ಮಪ್ಪಗ ಈ ಮನಿ ಬಿಟ್ಟು ಬ್ಯಾರೆ ಎಲ್ಲೂ ಬಾತ್‌ರೂಮಿನ ಹಾದಿ ನೆನಪುಳಿಯೂದಿಲ್ಲ ಈಗ," ಎಂದಳು ಸ್ವರೂಪಾ. "ಇದೊಂದು ಚಳಿಗಾಲ ಆಗಲಿ. ಆಮ್ಯಾಲ ನೋಡೂಣಂತ."

ಟ್ರಕ್ಕಿನ ಟೈರುಗಳು ನುಣ್ಣಗೆ ಸವೆದಿದ್ದವು. ಸಂಜೆ ಗಂಡನಿಗೆ ಉಣ್ಣಿಸಿ ಮಲಗಿಸಿದ ಮೇಲೆ ಅವಳು ಫೋನು ಹಿಡಿದು ಟೈರಿನ ವಿಚಾರ ಓದುತ್ತ ಕೂರುತ್ತಿದ್ದಳು. ಒಬ್ಬ ಅಗಲದ್ದು ಹಾಕು ಎನ್ನುತ್ತಿದ್ದ, ಇನ್ನೊಬ್ಬ ಸಪೂರದ್ದು. ಒಬ್ಬ, ಜಾರದಂತೆ ಟೈರಿಗೆ ಸುತ್ತುವ ಕಬ್ಬಿಣದ ಚೈನಿಲ್ಲದೆ ಹೊರಡಲೇಬೇಡ ಎನ್ನುತ್ತಿದ್ದ, ಮತ್ತೊಬ್ಬ ಚೈನು ಕಟ್ಟುವವನು ಮೂರ್ಖ ಎನ್ನುತ್ತಿದ್ದ. ಓದಿದಷ್ಟೂ ತಲೆ ಕೆಡುತ್ತಿತ್ತು. ಒಂದು ಶನಿವಾರ ಬೆಳಗ್ಗೆ ಅವಳು ಗಂಡನನ್ನು ಪಕ್ಕದ ಸೀಟಿಗೆ ಹತ್ತಿಸಿ, ಬೆಲ್ಟು ಬಿಗಿದು, ಟೆಲಿಗ್ರಾಫ್ ರೋಡು ಹಿಡಿದು ಡಿಯರ್‌ಬಾರ್ನ್‌ಗೆ ಹೊರಟಳು. ರಾಚಯ್ಯ ಆಫೀಸಿಗೆ ಹೋಗುತ್ತಿದ್ದ ದಿನಗಳಿಂದಲೂ ಟೈರು ಹಾಕಿಸುತ್ತಿದ್ದದ್ದು ಅಲ್ಲಿನ ನಬೀಲನ ಅಂಗಡಿಯಲ್ಲೇ.

ನಬೀಲ್ ಓಡಿ ಬಂದು ರಾಚಯ್ಯನ ಎಡಗೈ ಹಿಡಿದುಕೊಂಡ. ಏನೋ ಕೇಳಿದ. ರಾಚಯ್ಯ ಕನ್ನಡದಲ್ಲಿ ಏನೋ ಹೇಳಿದ. ನಬೀಲ್ ಸ್ವರೂಪಾಳ ಮುಖ ನೋಡಿದ. ಆಮೇಲೆ ಒಂದು ಕುರ್ಚಿ ತಂದು, ಹೀಟರಿನ ಮುಂದೆ ಹಾಕಿ ಅವನನ್ನು ಕೂರಿಸಿದ.

"ಎಲ್ಲಿ ಪ್ಲೋ ಮಾಡೋದು?" ಎಂದು ಅವಳನ್ನು ಕೇಳಿದ.

ಅವಳು ಏರು, ತಿರುವು ಎಲ್ಲ ಹೇಳಿದಳು. ಮುಂದಿನ ಚಕ್ರಗಳಿಗೆ ಎಂಜಿನ್ನಿನ ಎಳೆತ ಕೊಡುವ ಗೇರು ಕೆಟ್ಟು ಎಷ್ಟೋ ದಿನವಾಗಿದೆ, ಈಗ ಎಳೆಯುವುದು ಹಿಂದಿನ ಎರಡೇ ಎಂದೂ ಹೇಳಿದಳು. ನಬೀಲ್ ತಲೆ ಕೆರೆದುಕೊಂಡ. ಮೊದಲು ತೋರಿಸಿದ್ದು ಅಗಲವಾದ, ದೊಡ್ಡ ದೊಡ್ಡ ಹಲ್ಲಿನ ಟೈರು. ಟ್ರಕ್ಕಿನ ಮೇಲೆ ಈಗ ಇದ್ದವೂ ಅದೇ ಜಾತಿಯವು, ಹಳೆಯ ಮಾಲೀಕ ಹಾಕಿಸಿದ್ದು. ನೋಡಲು ಗಟ್ಟಿಮುಟ್ಟು.

"ಕೆಸರಿಗೆ ಇದು ಚೆನ್ನ," ಎಂದ ನಬೀಲ್. "ಹಿಮಕ್ಕೆ... ಕೆಲವರು ಹಾಕಿಸ್ತಾರೆ. ನನಗೆ ಅಷ್ಟು ಖಾತ್ರಿಯಿಲ್ಲ."

ಆಗ ಹೀಟರಿನ ಬಳಿಯಿಂದ ರಾಚಯ್ಯ ಕೂಗಿದ. "ಕೆರ! ಸಣ್ಣ ಕೆರ!"

ಕಾಲಲ್ಲಿದ್ದ ಶೂ ಬಿಗಿಯಾಯಿತೇನೋ ಎಂದುಕೊಂಡಳು ಸ್ವರೂಪಾ. ಹೋಗಿ ಮೊಣಕಾಲೂರಿ ಲೇಸು ಸಡಿಲಿಸಿದಳು. ಅವನು ತಲೆ ಕೊಡವಿದ. "ಸಣ್ಣ! ಸಣ್ಣ ಕೆರ!" ಅವಳು ಇನ್ನಷ್ಟು ಸಡಿಲಿಸಿದಳು. ಅವನಿಗೆ ರೇಗಿಹೋಯಿತು. ಎಡಗಾಲನ್ನು ಝಾಡಿಸಿದ ರಭಸಕ್ಕೆ ಶೂ ಹಾರಿ, ಜೋಡಿಸಿಟ್ಟಿದ್ದ ಟೈರುಗಳ ಮೇಲೆ ಬಿತ್ತು. ಅಂಗಡಿಯಲ್ಲಿದ್ದ ಗಿರಾಕಿಗಳು ತಿರುಗಿ ನೋಡಿದರು. ಸ್ವರೂಪಾ ಶೂ ತರಲು ಹೋದಳು. ಅವಳು ಬಗ್ಗಿದಾಗ ರಾಚಯ್ಯ ಎಡಗೈಯ ಹೆಬ್ಬೆರಳು, ತೋರುಬೆರಳುಗಳನ್ನು ಒಂದಕ್ಕೊಂದು ಹತ್ತಿರ ತಂದು ತೋರಿಸುತ್ತಿದ್ದ. ಬೆರಳುಗಳ ಸಂದಿನಿಂದ ಅವನ ಕಣ್ಣು ಇದ್ದದ್ದು ಆ ಅಗಲದ ಟೈರಿನ ಮೇಲೆ.

"ಟೈರೇನ್ರಿ?" ಎಂದಳು ಅವಳು. "ಗಾಡಿ ಕೆರ ಅಂದ್ರ ಟೈರಾ? ಸಣ್ಣದು ಬೇಕಾ?"

"ಹಾಂ!" ಎಂದು ಅವನು ಬೆನ್ನು ಕುರ್ಚಿಗೆ ಆನಿಸಿದ. ಹಣೆಯ ಮೇಲೆ ಬೆವರು ಒಡೆದಿತ್ತು.

ನಬೀಲ್ ಟ್ರಕ್ಕಿನ ಬಾಗಿಲು ತೆರೆದು, ಚೌಕಟ್ಟಿನ ಮೇಲೆ ಅಂಟಿಸಿದ್ದ ಚೀಟಿ ನೋಡಿದ. ಟ್ರಕ್ಕು ಹುಟ್ಟಿದಾಗಿನ ಅಳತೆ ಸಪೂರದ್ದೇ. ಅಗಲದ ಟೈರು ಹಿಮದ ಮೇಲೆ ತೇಲುತ್ತದೆ, ಸಪೂರದ್ದು ಹಿಮವನ್ನು ಸೀಳಿ ಕೆಳಗಿನ ನೆಲ ಕಚ್ಚುತ್ತದೆ, ಅಂಕಲ್ ಹೇಳುವುದು ಸರಿ ಎಂದ. ಕೊನೆಗೆ ಆರಿಸಿದ್ದು ಅದೇ ಹಳೆಯ ಅಳತೆಯ, ಹಿಮಕ್ಕೆಂದೇ ಮಾಡಿದ್ದು ಎಂದು ಹೇಳುವ ಬೆಟ್ಟ ಮತ್ತು ಹಿಮದ ಹಳಕಿನ ಗುರುತು ಪಕ್ಕದಲ್ಲಿರುವ ಟೈರು. ಮುಂದೆ ಪ್ಲೋ ಹೊರುವ ಭಾರ ತಡೆಯಲಿ ಎಂದು ದಪ್ಪ ಗೋಡೆಯದ್ದು. ನಾಲ್ಕಕ್ಕೆ ನಾಲ್ಕೂ ಬದಲಾಯಿಸಿದರು.

ಇನ್ನು ಚೈನು. ರಾಚಯ್ಯನ ಹಳೆಯ ಚೈನುಗಳನ್ನು ಅವಳು ಡಬ್ಬದ ಸಮೇತ ತಂದಿದ್ದಳು. ಹೊಸ ಟೈರಿಗೆ ಹಿಡಿದು ನೋಡಿದರೆ ಅಣ್ಣನ ಚೊಣ್ಣವನ್ನು ತಮ್ಮನಿಗೆ ತೊಡಿಸಿದ ಹಾಗೆ ಜೋತುಬಿದ್ದವು.

"ಬರೀ ಪಾರ್ಕಿಂಗ್ ಲಾಟಾಗಿದ್ದರೆ ಚೈನೇ ಬೇಡ, ಡಾಂಬರು ಕಿತ್ತುಬರುತ್ತೆ ಅಂತಿದ್ದೆ," ಎಂದ ನಬೀಲ್. "ಆದ್ರೆ ನಿಮ್ಮದು ಏರು. ಎಳೆಯೋದೂ ಹಿಂದಿನ ಎರಡೇ. ಆ ಎರಡಕ್ಕೆ ಕಟ್ಟಿ. ಹಿಂದೆ ಮರಳಿನ ಚೀಲಾನೂ ಹಾಕಿ, ಭಾರ ಇರಲಿ."

ಅವನಲ್ಲಿ ಎರಡು ತರಹದ್ದಿತ್ತು. ಒಂದು ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ ಸರಪಳಿಯದ್ದು, ಕಟ್ಟುವುದು ಸುಲಭ. ಇನ್ನೊಂದು ಬಲೆಯ ಹಾಗೆ ಹೆಣೆದದ್ದು, ಕಟ್ಟಲು ತ್ರಾಸು, ಆದರೆ ಗಾಡಿ ಪಕ್ಕಕ್ಕೆ ಜಾರದಂತೆ ಹಿಡಿಯುತ್ತದೆ. ಸ್ವರೂಪಾಳ ಕೈ ಮೊದಲು ಸುಲಭದ್ದಕ್ಕೇ ಹೋಯಿತು. ಆಮೇಲೆ ತಿರುವು ನೆನಪಾಯಿತು. ನಿಟ್ಟುಸಿರು ಬಿಟ್ಟು ಬಲೆಯದ್ದನ್ನು ಎತ್ತಿಕೊಂಡಳು. ಅದರ ತೂಕಕ್ಕೆ ಭುಜ ಜಗ್ಗಿತು.

ಮರುದಿನ ಗರಾಜಿನಲ್ಲಿ ಕಟ್ಟಿ ನೋಡಲು ಕೂತಳು. ರಾಚಯ್ಯನಿಗೆ ಕಂಬಳಿ ಹೊದಿಸಿ ಎದುರಿಗೆ ಕುರ್ಚಿಯಲ್ಲಿ ಕೂರಿಸಿದ್ದಳು. ಚೈನನ್ನು ಟೈರಿನ ಮೇಲೆ ಹೊದಿಸಿ, ಟ್ರಕ್ಕನ್ನು ಸ್ವಲ್ಪ ಮುಂದಕ್ಕೆ ಸರಿಸಿ, ಕೆಳಗೆ ಉಳಿದದ್ದನ್ನು ಎಳೆದು, ಒಳಗಿನ ಕೊಂಡಿಯನ್ನು ಕೈಗೆ ಸಿಕ್ಕಷ್ಟು ತಡವಿ ಹಾಕಬೇಕು. ಕೊಂಡಿ ಸಿಗುತ್ತಿರಲಿಲ್ಲ. ಸಿಕ್ಕರೆ ಇನ್ನೊಂದು ತುದಿ ಜಾರುತ್ತಿತ್ತು. ಬೆನ್ನ ಕೆಳಗೆ ಸಿಮೆಂಟಿನ ನೆಲ ಕೊರೆಯುತ್ತಿತ್ತು. ಅಂತೂ ಕೂಡಿಸಿ ಮೇಲೆದ್ದಾಗ ರಾಚಯ್ಯ ಶುರು ಮಾಡಿದ.

"ಮುಳ್ಳು."

"ಏನ್ರಿ?"

"ಮುಳ್ಳು. ಕೆರದಾಗ ಮುಳ್ಳು."

ಅವಳು ಚಕ್ರದ ಸುತ್ತ ನೋಡಿದಳು. ಮುಳ್ಳೂ ಇರಲಿಲ್ಲ, ಮೊಳೆಯೂ ಇರಲಿಲ್ಲ. "ಏನಿಲ್ಲಲ್ರಿ."

"ಮುಳ್ಳು!" ಎಂದು ಅವನು ಎಡಗೈಯಿಂದ ಕುರ್ಚಿಯ ತೋಳು ಕುಟ್ಟಿದ. "ಮುಳ್ಳು, ಮುಳ್ಳು!"

"ಮುಳ್ಳೂ ಇಲ್ಲ, ಕೆರಾನೂ ಇಲ್ಲ!" ಸ್ವರೂಪಾಳ ದನಿ ಗರಾಜಿನ ತಗಡಿನ ಬಾಗಿಲಿಗೆ ಬಡಿದು ತಿರುಗಿ ಬಂತು. "ನನಗ ಸಾಕಾಗೇತ್ರಿ. ನಿಮ್ಮ ಜಳಕ ನಾನ, ಊಟ ನಾನ, ಮಾತ್ರಿ ನಾನ, ಡಾಕ್ಟರ ಕೂಡ ಮಾತು ನಾನ. ಈಗ ಈ ಕಬ್ಬಿಣಾನೂ ನಾನ. ಒಂದ್ ಮಾತು ನೆಟ್ಟಗ ಹೇಳ್ರಿ, ಇಲ್ಲಾಂದ್ರ ಬಾಯಿ ಮುಚ್ಚಿ ಕುಂದರ್ರಿ!"

ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಅವನಿಗೆ ಹಾಗೆ ಅಂದದ್ದಿಲ್ಲ. ರಾಚಯ್ಯ ಅವಳನ್ನೇ ನೋಡಿದ. ಆಮೇಲೆ, ಎಲೆ ಗೋರುವ ರೇಕು, ಸಲಿಕೆ ತೂಗುಹಾಕಿದ್ದ ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ಅವಳು ಒಳಗೆ ಹೋಗಿ ಅಡುಗೆಮನೆಯ ಸಿಂಕಿನಲ್ಲಿ ಕೈ ತೊಳೆಯಲು ನಿಂತಳು. ಸೋಪು ತಾಗಿದ ಕೂಡಲೇ ಅಂಗೈ ಚುರ್ರೆಂದಿತು. ಗ್ರೀಸಿನ ಕಪ್ಪು ಹೋದ ಮೇಲೆ ನೋಡಿದರೆ ಅಂಗೈ ನಡುವೆ ಚುಚ್ಚಿದ ಗಾಯ, ಸಣ್ಣಗೆ ರಕ್ತ. ಕೊಂಡಿಯ ಚೂಪು ತುದಿ ಚುಚ್ಚಿದ್ದು. ಅದನ್ನೇ ನೋಡುತ್ತ ನಿಂತಳು. ಕೊಂಡಿಯ ತುದಿಗಳನ್ನು ಅವಳು ಟೈರಿನ ಕಡೆಗೆ ಮುಖ ಮಾಡಿ ಹಾಕಿದ್ದಳು. ಹಾಗೇ ಓಡಿಸಿದ್ದರೆ ಆ ಚೂಪು ಹೊಸ ಟೈರಿನ ಮೈಯನ್ನು ತಿರುಗಿದಷ್ಟೂ ಕೊರೆಯುತ್ತಿತ್ತು. ಮುಳ್ಳು ಎಂದರೆ ಅದೇ.

ತಿರುಗಿ ಹೋಗಿ, ಚೈನು ಬಿಚ್ಚಿ, ಮಗುಚಿ, ಕೊಂಡಿಗಳ ತುದಿ ಹೊರಗೆ ಬರುವಂತೆ ಮತ್ತೆ ಕಟ್ಟಿದಳು.

"ಹಿಂಗೇನ್ರಿ?"

ರಾಚಯ್ಯ ಗೋಡೆಯಿಂದ ನಿಧಾನಕ್ಕೆ ಮುಖ ತಿರುಗಿಸಿ ನೋಡಿದ. "ಹಾಂ ಗಂಗಕ್ಕ," ಎಂದ ಸಮಾಧಾನದಿಂದ. "ಹಂಗ."

ಅವಳು ನೆಲದ ಮೇಲೆಯೇ, ಚಕ್ರಕ್ಕೆ ಒರಗಿ ಕೂತಳು. ಆಮೇಲೆ, "ತಪ್ಪಾತ್ರಿ," ಎಂದಳು. ಅವನಿಗೆ ಕೇಳಿಸಿತೋ ಇಲ್ಲವೋ.

ದೊಡ್ಡ ಹಿಮ ಬಿದ್ದದ್ದು ಡಿಸೆಂಬರಿನ ಒಂದು ಭಾನುವಾರ. ಬೆಳಕು ಹರಿದಾಗ ಅಂಗಳದ ಪೊದೆಗಳೇ ಕಾಣುತ್ತಿರಲಿಲ್ಲ. ಥರ್ಮಾಮೀಟರ್ ಹದಿನೈದು ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿತ್ತು, ನೀರು ಹೆಪ್ಪುಗಟ್ಟುವುದಕ್ಕಿಂತ ಎಷ್ಟೋ ಕೆಳಗೆ. ಭಾನುವಾರ ನೋಡಿಕೊಳ್ಳುವ ಹೆಂಗಸು ಬರುವುದಿಲ್ಲ. ಗಂಡನನ್ನು ಒಬ್ಬನನ್ನೇ ಮನೆಯಲ್ಲಿ ಬಿಡುವ ಹಾಗಿಲ್ಲ. ಸೋಮವಾರ ಬೆಳಗ್ಗೆ ವ್ಯಾನು ಬರಬೇಕು. ಅವಳು ಅವನಿಗೆ ಸ್ವೆಟರು, ಅದರ ಮೇಲೆ ಕೋಟು, ಟೊಪ್ಪಿಗೆ, ಕೈಗವಸು ಎಲ್ಲ ತೊಡಿಸಿ, ಟ್ರಕ್ಕಿಗೆ ಹತ್ತಿಸಿ ಬೆಲ್ಟು ಹಾಕುವಷ್ಟರಲ್ಲೇ ಸೋತುಹೋದಳು. ಆಮೇಲೆ ಚೈನು ಕಟ್ಟಿದಳು. ಸ್ವಲ್ಪ ದೂರ ಓಡಿಸಿ, ಇಳಿದು, ಸಡಿಲವಾದದ್ದನ್ನು ಮತ್ತೊಮ್ಮೆ ಬಿಗಿಯಬೇಕೆಂದು ನಬೀಲ್ ಒತ್ತಿ ಹೇಳಿದ್ದ. ಅದು ಅವಳಿಗೆ ನೆನಪಿತ್ತು. ಒಂದು ಸುತ್ತು ಮುಗಿಯಲಿ, ಆಮೇಲೆ ಇಳಿದರಾಯಿತು ಎಂದುಕೊಂಡಳು.

ಮೇಲಿನಿಂದ ಪ್ಲೋ ಇಳಿಸಿ ಹಿಮ ತಳ್ಳುತ್ತ ಕೆಳಗೆ ಹೋದಳು. ಟೈರು ನೆಲ ಕಚ್ಚುವುದು ಸ್ಟೀರಿಂಗಿನಲ್ಲೇ ತಿಳಿಯುತ್ತಿತ್ತು. ಹಿಮ ಹೊರಳಿ ಹೊರಳಿ ಪಕ್ಕಕ್ಕೆ ಬೀಳುತ್ತಿತ್ತು. ಪ್ಲೋ ಎತ್ತಿ ತಿರುಗಿ ಏರು ಹತ್ತುವಾಗಲೂ ಎಲ್ಲ ಸರಿಯಿತ್ತು. ತುದಿಗೆ ಬರುವಾಗ ಹಿಂದಿನಿಂದ ಟಣ್ ಎಂದಿತು.

"ನಿಂದ್ರಸು," ಎಂದ ರಾಚಯ್ಯ.

"ಏನಿಲ್ರಿ. ಕಲ್ಲಿರಬೇಕು."

"ನಿಂದ್ರಸು. ಕೆರ ಬಿಚ್ಚೇತಿ."

"ಇದೊಂದು ಸಲ ಹೋಗಿ ಬರೂಣು, ಮುಗೀತೈತಿ." ಅವಳಿಗೆ ಮತ್ತೆ ಇಳಿದು ಆ ಹಿಮದಲ್ಲಿ ಮಲಗುವ ಮನಸ್ಸಿರಲಿಲ್ಲ. ಬೇಗ ಮುಗಿಸಿ, ಮನೆಗೆ ಹೋಗಿ, ಬಿಸಿ ಚಹಾ ಕುಡಿದು ಕಾಲು ಚಾಚಿದರೆ ಸಾಕಾಗಿತ್ತು.

ತಿರುವಿನಲ್ಲಿ ಚೈನು ಬಿಟ್ಟುಕೊಂಡಿತು. ತುದಿ ಹಾರಿ ಹಾರಿ ಚಕ್ರದ ಮೇಲಿನ ತಗಡಿಗೆ ಬಡಿಯತೊಡಗಿತು, ಯಾರೋ ಸುತ್ತಿಗೆಯಿಂದ ಹೊಡೆದ ಹಾಗೆ. ಅವಳು ಗಾಬರಿಯಾಗಿ ಬ್ರೇಕು ಒತ್ತಿದಳು. ಟ್ರಕ್ಕಿನ ಹಿಂಭಾಗ ಎಡಕ್ಕೆ ಜಾರಿತು, ಎಷ್ಟು ತಿರುಗಿಸಿದರೂ ಮಾತು ಕೇಳಲಿಲ್ಲ. ಪ್ಲೋದ ಅಂಚು ಡೊರೊಥಿಯ ಮನೆಯ ಅಂಚೆ ಡಬ್ಬಿಯನ್ನು ಕಂಬದ ಸಮೇತ ಕಿತ್ತುಕೊಂಡು, ಹಿಮದ ರಾಶಿಯೊಳಗೆ ಹೊಕ್ಕು ನಿಂತಿತು. ಎಂಜಿನ್ ಸತ್ತಿತು.

ಸ್ವರೂಪಾ ಗಂಡನನ್ನು ನೋಡಿದಳು. ಅವನಿಗೆ ಏನೂ ಆಗಿರಲಿಲ್ಲ. ಟೊಪ್ಪಿಗೆ ಮಾತ್ರ ಕಣ್ಣಿನ ಮೇಲೆ ಇಳಿದಿತ್ತು. ಅದನ್ನು ಸರಿಪಡಿಸಿ, ಅವಳು ಸ್ಟೀರಿಂಗಿನ ಮೇಲೆ ತಲೆಯಿಟ್ಟಳು. ಅಳು ಬರಲಿಲ್ಲ. ಎಲ್ಲವನ್ನೂ ಇಲ್ಲೇ ಬಿಟ್ಟು, ಕೆಳಗಿನ ದೊಡ್ಡ ರಸ್ತೆಗೆ ಇಳಿದು, ನಡೆದು ಎಲ್ಲಿಗಾದರೂ ಹೋಗಿಬಿಡಬೇಕು ಎನಿಸಿತು. ಎಲ್ಲಿಗೆ ಎಂದು ಯೋಚಿಸುವ ತ್ರಾಣವೂ ಇರಲಿಲ್ಲ.

ಪಕ್ಕದಲ್ಲಿ ಟಕ್ ಎಂದು ಸದ್ದಾಯಿತು. ರಾಚಯ್ಯ ಎಡಗೈಯಿಂದ ಬೆಲ್ಟು ಬಿಚ್ಚಿಕೊಂಡಿದ್ದ. ಬಾಗಿಲಿನ ಹಿಡಿಗೆ ಕೈ ಹಾಕಿದ್ದ.

"ಎಲ್ಲಿಗ್ರಿ?"

"ಕೆರ ಕಟ್ಟಬೇಕಲ್ಲ," ಎಂದ ಅವನು, ಅದೇನು ಕೇಳುವ ಮಾತೇ ಎಂಬಂತೆ.

"ನೀವು ಇಳೀಬ್ಯಾಡ್ರಿ! ಕುಂದರ್ರಿ ಅಲ್ಲೇ. ನಾನ ಕಟ್ತೀನಿ."

ಹಾಗೆ ಅಂದ ಮೇಲೆ ಇಳಿಯದೆ ಗತಿಯಿರಲಿಲ್ಲ. ಹಳೆಯ ಗೋಣಿಯೊಂದನ್ನು ಹಾಸಿಕೊಂಡು ಚಕ್ರದ ಕೆಳಗೆ ಮಲಗಿದಳು. ಕೈಗವಸು ಹಾಕಿಕೊಂಡರೆ ಕೊಂಡಿ ಸಿಗದು, ತೆಗೆದರೆ ಬೆರಳು ಕಬ್ಬಿಣಕ್ಕೆ ಅಂಟುವುದು. ಅಂತೂ ಬಿಚ್ಚಿ ಕಟ್ಟಿದಳು. ಟ್ರಕ್ಕನ್ನು ಕೆಲವು ಗಜ ಹಿಂದಕ್ಕೆ ತೆಗೆದು, ಇಳಿದು, ಮತ್ತೆ ಬಿಗಿದಳು. ಅಷ್ಟರಲ್ಲಿ ಡೊರೊಥಿ, ಎಂಬತ್ತು ದಾಟಿದ ಒಂಟಿ ಮುದುಕಿ, ಮನೆಯುಡುಪಿನ ಮೇಲೆ ಕೋಟು ಹಾಕಿಕೊಂಡು ಬೂಟು ಎಳೆಯುತ್ತ ಬಂದಳು.

"ಡಬ್ಬಿ ಹೊಸದು ಹಾಕಿಸಿಕೊಡ್ತೀನಿ ಡೊರೊಥಿ, ದಯವಿಟ್ಟು ಬೇಜಾರು ಮಾಡ್ಕೋಬೇಡಿ," ಎಂದಳು ಸ್ವರೂಪಾ, ಮಲಗಿದಲ್ಲಿಂದಲೇ.

"ನಿನ್ನ ಗಂಡ ಅದನ್ನ ಎರಡು ಸಲ ಕೆಡವಿದ್ದಾನೆ," ಎಂದಳು ಡೊರೊಥಿ. "ನಿನಗಿನ್ನೂ ಒಂದು ಸಲ ಬಾಕಿಯಿದೆ." ಆಮೇಲೆ ರಾಚಯ್ಯನ ಕಿಟಕಿಯ ಹತ್ತಿರ ಹೋಗಿ ನಿಂತು, ತನ್ನ ಮಂಡಿನೋವಿನ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳತೊಡಗಿದಳು. ಅವನು ಕನ್ನಡದಲ್ಲಿ ಹೂಂ ಎನ್ನುತ್ತ, ನಡುನಡುವೆ ಆಡಿನ ಮೇಲೆ ದೂರು ಹೇಳುತ್ತ, ಅವಳಷ್ಟೇ ಗಂಭೀರವಾಗಿ ತಲೆಯಾಡಿಸಿದ. ಗಂಡ ಇಷ್ಟು ಹೊತ್ತು ಇನ್ನೊಬ್ಬರ ಜೊತೆ ಮಾತಾಡಿದ್ದನ್ನು ಸ್ವರೂಪಾ ತಿಂಗಳುಗಳಿಂದ ಕೇಳಿರಲಿಲ್ಲ. ಬಿಗಿದದ್ದನ್ನೇ ಇನ್ನೊಮ್ಮೆ ಬಿಗಿಯುತ್ತ ಮಲಗಿದ್ದಳು.

ಸೋಮವಾರ ಬೆಳಗ್ಗೆ ವ್ಯಾನು ನೇರ ಬಾಗಿಲ ತನಕ ಹತ್ತಿ ಬಂತು. ರಾಚಯ್ಯನನ್ನು ಕಳಿಸಿ, ಬೂಟು ಬಿಚ್ಚಲೆಂದು ಗರಾಜಿನ ಕುರ್ಚಿಯಲ್ಲಿ ಕೂತವಳು ಕೋಟಿನಲ್ಲೇ ನಿದ್ದೆಹೋದಳು.

ಚಳಿಗಾಲ ಹಾಗೇ ಸಾಗಿತು. ಹಿಮ ತೆಳ್ಳಗಿದ್ದ ದಿನ ಚೈನು ಬಿಟ್ಟು ಬರೀ ಟೈರಿನ ಮೇಲೇ ನಡೆಸಿದಳು. ಮಂಜುಗಟ್ಟಿದ ದಿನ ಕಟ್ಟಿದಳು. ಕೈ ರೂಢಿಯಾಯಿತು, ಆದರೆ ಮೈ ಸೋಲುತ್ತ ಬಂತು. ಭುಜ ಎತ್ತಲಾಗುತ್ತಿರಲಿಲ್ಲ. ಬೆರಳ ಗಿಣ್ಣುಗಳು ಊದಿಕೊಂಡವು. ಫೆಬ್ರವರಿಯಲ್ಲಿ ಒಂದು ದಿನ ಆಸ್ಪತ್ರೆಯಲ್ಲಿ, ರೋಗಿಯೊಬ್ಬಳ ತೋಳಿನಲ್ಲಿ ನರ ಹುಡುಕುವಾಗ ಅವಳ ಊದಿದ ಬೆರಳು ನೆಟ್ಟಗೆ ಮಡಚಲಿಲ್ಲ. ಸೂಜಿ ಎರಡು ಸಲ ತಪ್ಪಿತು. ಆ ಹೆಂಗಸು ದೂರು ಕೊಟ್ಟಳು. ಮೇಲಿನವಳು ಸ್ವರೂಪಾಳನ್ನು ಕರೆದು, ಮೆತ್ತಗೇ, ಇನ್ನು ಮುಂದೆ ಒಳಗೆ ಸ್ಯಾಂಪಲ್ಲುಗಳನ್ನು ಬೇರ್ಪಡಿಸುವ ಕೆಲಸ ಮಾಡು ಎಂದಳು. ಇಪ್ಪತ್ತು ವರ್ಷದಲ್ಲಿ ಅವಳ ಕೈಗೆ ಯಾರೂ ಹೆಸರಿಟ್ಟಿರಲಿಲ್ಲ. ಮನೆಗೆ ಬಂದು ಯಾರಿಗೂ ಹೇಳಲಿಲ್ಲ, ತನಿಷಾಳಿಗೂ.

ಮಾರ್ಚಿನ ಹೊತ್ತಿಗೆ ರಾಚಯ್ಯ ಬಲಗೈಯಲ್ಲಿ ಚಮಚ ಹಿಡಿಯತೊಡಗಿದ. ಅರ್ಧ ಸಾರು ಬಾಯಿಗೆ, ಅರ್ಧ ಅಂಗಿಗೆ. ಅಷ್ಟು ಗಳಿಸಿದ್ದು. ಅದು ಸಾಕೋ ಸಾಲದೋ ಎಂದು ಅವಳು ತೂಗಿ ನೋಡಲು ಹೋಗಲಿಲ್ಲ. ಅಂಗಿ ಒಗೆದಳು.

ಏಪ್ರಿಲಿನಲ್ಲಿ ಟ್ರಕ್ಕನ್ನು ಮೆಕ್ಯಾನಿಕ್ಕಿಗೆ ತೋರಿಸಿದಳು. ಅವನು ಕೆಳಗೆ ಹೊಕ್ಕು ನೋಡಿ ಬಂದು ಕೈ ಒರೆಸಿಕೊಂಡ. ಪ್ಲೋ ಕೂರುವ ಜಾಗದಲ್ಲಿ ಕೆಳಗಿನ ಚೌಕಟ್ಟು, ಹಿಮ ಕರಗಲೆಂದು ರಸ್ತೆಗೆ ಎರಚುವ ಉಪ್ಪಿಗೆ ತುಕ್ಕು ಹಿಡಿದು ತೂತಾಗಿದೆ, ಇನ್ನೊಂದು ಚಳಿಗಾಲ ತಡೆಯುವುದಿಲ್ಲ ಎಂದ. ಸ್ವರೂಪಾಳಿಗೆ ಮೊದಲು ಅನಿಸಿದ್ದು ಹಗುರ. ಆ ಹಗುರಕ್ಕೆ ನಾಚಿಕೆಯಾಗಿ, ಮನೆಗೆ ಬರುವ ದಾರಿಯುದ್ದಕ್ಕೂ ಗಂಡನಿಗೆ ಹೇಗೆ ಹೇಳಲಿ ಎಂದು ಯೋಚಿಸುತ್ತಲೇ ಬಂದಳು. ಕೊನೆಗೆ ಊಟಕ್ಕೆ ಕೂತಾಗ ಹೇಳಿಯೇಬಿಟ್ಟಳು. ವೆಸ್ಟ್‌ಮಂಟ್‌ನಲ್ಲಿ ತನಿಷಾ ನೋಡಿಟ್ಟಿರುವ ಮನೆಯ ವಿಷಯವನ್ನೂ ಹೇಳಿದಳು. ನೆಲಮಹಡಿ, ಮೆಟ್ಟಿಲಿಲ್ಲ, ಹಿಮ ತೆಗೆಸುವುದು ಅಲ್ಲಿನ ಮನೆಗಳ ಅಸೋಸಿಯೇಷನ್ನಿನವರೇ.

ರಾಚಯ್ಯ ಅನ್ನವನ್ನು ಚಮಚದಿಂದ ಗುಡ್ಡೆ ಮಾಡುತ್ತಿದ್ದ. "ಮುದಿ ಎತ್ತು," ಎಂದ. ಚಮಚ ಕೆಳಗಿಟ್ಟು, "ಬಿಡು," ಎಂದ.

ಅವನು ಅಂದದ್ದು ಟ್ರಕ್ಕಿಗೋ, ತನಗೋ, ಅವಳಿಗೋ. ಬಡಗಣ ಮಿಷಿಗನ್‌ನಿಂದ ಬಂದವನೊಬ್ಬ ಬಿಡಿಭಾಗಗಳಿಗೆಂದು ಟ್ರಕ್ಕನ್ನು ಎಳೆದುಕೊಂಡು ಹೋದ; ಟೈರು, ಚೈನು ಎಲ್ಲ ಅದರ ಜೊತೆಗೇ ಹೋದವು. ಬೇಸಿಗೆಯಲ್ಲಿ ಮನೆ ಖಾಲಿ ಮಾಡಿದರು. ಡೊರೊಥಿ ಬಂದು ಇಬ್ಬರನ್ನೂ ತಬ್ಬಿಕೊಂಡು ಹೋದಳು.

ಹೊಸ ಮನೆಯಲ್ಲಿ ರಾಚಯ್ಯನಿಗೆ ಬಾತ್‌ರೂಮಿನ ಹಾದಿ ಕಲಿಯಲು ಬಹಳ ದಿನ ಹಿಡಿಯಿತು. ತನಿಷಾ ಬಾಗಿಲಿಗೆ ಹಳದಿ ಕಾಗದ ಅಂಟಿಸಿದಳು. ಮೊಮ್ಮಕ್ಕಳು ಅವನಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ಅವನು ಕನ್ನಡದಲ್ಲಿ ಬೈಯುತ್ತಿದ್ದ, ಅವರು ನಗುತ್ತಿದ್ದರು. ಸ್ವರೂಪಾ ಕೆಲಸ ಹುಡುಕಲಿಲ್ಲ. ಹುಡುಕಬೇಕು ಎಂದುಕೊಳ್ಳುತ್ತಿದ್ದಳು, ಅಷ್ಟೆ.

ಅಲ್ಲಿ ಮೊದಲ ಹಿಮ ಬಿದ್ದ ಬೆಳಗ್ಗೆ ಅವಳಿಗೆ ರೂಢಿಯಂತೆ ಎಚ್ಚರವಾಯಿತು. ಎದ್ದು, ಉಲ್ಲನ್ ಸಾಕ್ಸು ಹಾಕಿಕೊಂಡು, ಕೋಟಿನ ಒಂದು ತೋಳಿಗೆ ಕೈ ತೂರಿಸಿದ ಮೇಲೆ, ಎಲ್ಲಿದ್ದೇನೆ ಎಂಬುದು ಹೊಳೆಯಿತು. ಹೊರಗೆ ಯಾರೋ ಪ್ಲೋ ಮಾಡುತ್ತಿದ್ದರು. ಕಿಟಕಿಯ ತನಕ ಹೋಗಿ ನೋಡಲೂ ಇಲ್ಲ. ಕೋಟು ಕುರ್ಚಿಯ ಮೇಲೆ ಎಸೆದು, ಸಾಕ್ಸಿನಲ್ಲೇ ಹೋಗಿ ರಜಾಯಿಯೊಳಗೆ ಸೇರಿಕೊಂಡಳು.

ಮತ್ತೆ ಎಚ್ಚರವಾದಾಗ ಬಿಸಿಲು ಹಾಸಿಗೆಯ ಅರ್ಧಕ್ಕೆ ಬಂದಿತ್ತು. ತನಿಷಾ ಫೋನು ಮಾಡಿ, ಯಾರೂ ಎತ್ತದೆ ಬಿಟ್ಟಿದ್ದಳು. ರಾಚಯ್ಯ ಮಂಚದ ಅಂಚಿಗೆ ಎದ್ದು ಕೂತು, ಅಂಗಿಯ ಗುಂಡಿ ಹಾಕಿಕೊಳ್ಳಲು ಹೆಣಗುತ್ತಿದ್ದ. ಒಂದು ಗುಂಡಿ ತಪ್ಪು ಕಾಜಾಕ್ಕೆ ಬಿದ್ದಿತ್ತು, ಅವನು ಅದನ್ನು ಬಿಚ್ಚಿ ಮತ್ತೆ ಹಾಕುತ್ತಿದ್ದ. ಸ್ವರೂಪಾ ಎದ್ದು ಹೋಗಲಿಲ್ಲ. ಮಲಗಿದಲ್ಲಿಂದಲೇ ನೋಡುತ್ತಿದ್ದಳು.